ಆರು ವರ್ಷದ ಗೋಡೆ

ಹೊಸ ಗೋಡೆಯನ್ನು ಹಳೆಯದು ಮಾಡುವುದು ನನಗೆ ಗೊತ್ತು. ಒಂದು ಕಾಲದಲ್ಲಿ ಇದನ್ನು ನಾಲ್ಕು ಜನ ಕೂತಿರುವ ಕಡೆ ದನಿ ಏರಿಸಿ ಹೇಳುತ್ತಿದ್ದೆ. ಈಗ ಯಾರಾದರೂ ನನ್ನ ಕೈಗುಣ ಹೊಗಳಿದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬೇರೆ ಮಾತು ತೆಗೆಯುತ್ತೇನೆ.

ಕೆಲಸ ಬ್ರಹ್ಮವಿದ್ಯೆಯೇನಲ್ಲ. ಸುಣ್ಣದ ನೀರಿಗೆ ಚಹಾ ಪುಡಿಯ ಬಗ್ಗಡ ಬೆರೆಸಿದರೆ ಬಿಳುಪು ತುಸು ಹಳದಿಗೆ ತಿರುಗುತ್ತದೆ. ದೀಪದ ಸ್ವಿಚ್ಚಿನ ಸುತ್ತ ಎಣ್ಣೆ ಸವರಿದ ಅಂಗೈಯನ್ನು ಐವತ್ತು ಸಲ ಒತ್ತಬೇಕು. ಕುರ್ಚಿಯ ಬೆನ್ನು ತಾಗುವ ಎತ್ತರದಲ್ಲಿ ಗೋಡೆಯನ್ನು ಗೋಣಿಚೀಲದಿಂದ ಉಜ್ಜಬೇಕು. ಮೊಳೆ ಹೊಡೆದು ಒಂದು ರಟ್ಟು ನೇತುಹಾಕಿ, ಸುತ್ತ ದೂಳು ಕಲಸಿದ ನೀರು ಚಿಮುಕಿಸಿ, ಆಮೇಲೆ ರಟ್ಟು ತೆಗೆದರೆ ಅಲ್ಲಿ ವರ್ಷಗಟ್ಟಲೆ ಕ್ಯಾಲೆಂಡರು ತೂಗಿದ ಗುರುತು ನಿಲ್ಲುತ್ತದೆ. ಬಾಗಿಲು, ಕಿಟಕಿ, ಚೌಕಟ್ಟುಗಳನ್ನು ಕೆಡವಿದ ಮನೆಗಳಿಂದಲೇ ತರಬೇಕು. ಹೊಸ ಮರ ಸುಳ್ಳು ಹೇಳುವುದಿಲ್ಲ. ಅಡುಗೆ ಕೋಣೆಯಲ್ಲಿ ಒಲೆಯ ಕಟ್ಟೆಯ ಹಿಂದೆ ಸೀಮೆಎಣ್ಣೆ ಬಟ್ಟೆ ಉರಿಸಿ ಮಸಿ ಹಿಡಿಸಿದರೆ ಮುಗಿಯಿತು. ಒಂದು ಮನೆಯ ಚೌಕಟ್ಟಿನ ಮೇಲಂತೂ ನಾನು ಪೆನ್ಸಿಲ್ಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ತಾರೀಕು ಬರೆದು, ಹುಟ್ಟದೇ ಇದ್ದ ಮಗುವೊಂದನ್ನು ಆರು ವರ್ಷ ಬೆಳೆಸಿದೆ. ಆ ಅಳತೆಗಳನ್ನು ಅಕ್ಕನ ಮಗಳ ಎತ್ತರದಿಂದ ನೆನಪು ಮಾಡಿಕೊಂಡು ಬರೆದಿದ್ದೆ. ಅಷ್ಟು ಅಚ್ಚುಕಟ್ಟು!

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ನಾನು ಎಂಬತ್ತು ದಿನದಲ್ಲಿ ಹನ್ನೆರಡು ಮನೆ ಕಟ್ಟಿ ನೋಡಿದವನು. ಯಾರೂ ವಾಸ ಮಾಡದ ಮನೆ ಕಟ್ಟುವುದು ಸುಲಭ. ಪಾಯ ಮೊಣಕಾಲುದ್ದ ಇದ್ದರೆ ಸಾಕು, ನಲ್ಲಿಯಲ್ಲಿ ನೀರು ಬರಬೇಕಾಗಿಲ್ಲ, ಸೂರು ಒಂದು ಮಳೆಗಾಲ ತಡೆದರೆ ಅದೇ ಹೆಚ್ಚು.

ಇಂಥ ಮನೆಗಳು ಯಾಕೆ ಬೇಕಾದವು ಎಂದರೆ, ಕಾನೂನು. ಊರಿನ ಎಲ್ಲೆಯೊಳಗೆ ಒಂದು ಕುಟುಂಬ ಇಷ್ಟೇ ಖಾಲಿ ಜಾಗ ಇಟ್ಟುಕೊಳ್ಳಬಹುದು, ಅದಕ್ಕಿಂತ ಹೆಚ್ಚಿನದನ್ನು ಸರ್ಕಾರ ತೆಗೆದುಕೊಂಡು, ಸೈಟು ಮಾಡಿ, ಮನೆಯಿಲ್ಲದವರ ಪಟ್ಟಿಯಲ್ಲಿರುವವರಿಗೆ ಸರದಿಯ ಪ್ರಕಾರ ಹಂಚುತ್ತದೆ ಎಂದು ಐದು ವರ್ಷದ ಹಿಂದೆ ಕಾನೂನು ಬಂದಿತ್ತು. ಆದರೆ ಕಾನೂನು ಬರುವ ಮೊದಲೇ ಜಾಗದಲ್ಲಿ ಮನೆಗಳಿದ್ದು, ಜನ ವಾಸವಿದ್ದರೆ, ಆ ಮನೆಯನ್ನೂ ಅದರ ಸುತ್ತಲಿನ ಅಂಗಳವನ್ನೂ ಮುಟ್ಟುವಂತಿಲ್ಲ. ಅಂದರೆ ಆರು ವರ್ಷ ಹಳೆಯ ಮನೆ ಇದ್ದವನು ಬಚಾವು.

ಮರದ ಡಿಪೋ ಯಜಮಾನರಿಗೆ ಡಿಪೋದ ಹಿಂದೆ ದೊಡ್ಡ ಬಯಲಿತ್ತು. ಅಟ್ಟಿ ಒಟ್ಟಿದ ದಿಮ್ಮಿಗಳ ಹಿಂದೆ ಅಂಥದ್ದೊಂದು ಜಾಗ ಇದೆಯೆಂದು ರಸ್ತೆಯಲ್ಲಿ ಹೋಗುವವರಿಗೆ ಕಾಣುತ್ತಿರಲಿಲ್ಲ. ಯಜಮಾನರು ಕೆಟ್ಟವರಲ್ಲ. ನನ್ನನ್ನು ಎಂದೂ ಏಕವಚನದಲ್ಲಿ ಕರೆದವರಲ್ಲ, ಕೂರಿಸಿ ಮಾತಾಡುವವರು.

"ನಮ್ಮಪ್ಪ ದಿಮ್ಮಿ ಹೊತ್ತು ತಗೊಂಡ ಜಾಗ ಮೇಸ್ತ್ರಿ," ಎಂದಿದ್ದರು ಮೊದಲ ದಿನ. "ಹೊತ್ತು, ಅಂದ್ರೆ ಹೆಗಲ ಮೇಲೆ. ಇವತ್ತು ಯಾರೋ ಬಂದು ಗೆರೆ ಎಳೆದು, ಈ ಕಡೆದು ನಿಂದು, ಆ ಕಡೆದು ನಿಂದಲ್ಲ ಅಂದ್ರೆ ಹೊಟ್ಟೆ ಉರಿಯಲ್ವಾ? ನಿಮ್ಮ ಮನೆಗೇ ಬಂದು ಹಾಗಂದ್ರೆ?"

ಉರಿಯುತ್ತದೆ ಎಂದು ನಾನೂ ಒಪ್ಪಿದೆ. ನನ್ನ ಮನೆ ಎಂದು ಅವರು ಅಂದ ಎರಡು ಕೋಣೆಯ ಮನೆಯನ್ನು ನಮ್ಮಪ್ಪ ತನ್ನ ಕೈಯಾರೆ ಕಟ್ಟಿದ್ದ. ಅದು ಪೂರ್ತಿ ನನ್ನದಾದದ್ದು ಹೇಗೆ ಎಂಬುದನ್ನು ಆಗ ನೆನೆಯುವ ಅಗತ್ಯ ಬರಲಿಲ್ಲ. ಅಪ್ಪ ಹೋದ ಮೇಲೆ ಅಕ್ಕನಿಗೂ ಅದರಲ್ಲಿ ಅರ್ಧ ಇತ್ತು. ಅವಳೇ ನೋಂದಣಿ ಕಚೇರಿಗೆ ಬಂದು, ನನಗೇನೂ ಬೇಡ, ತಮ್ಮನಿಗಿರಲಿ ಎಂದು ಬರೆದುಕೊಟ್ಟಿದ್ದಳು. ಆಗ ಭಾವ ಗಟ್ಟಿಯಾಗಿದ್ದ. ಲಾರಿಗೆ ಮೂಟೆ ಏರಿಸುವ ಕೆಲಸ, ಕೈತುಂಬ ಸಂಪಾದನೆ. ಮೂರು ವರ್ಷಕ್ಕೆ ಅವನ ಬೆನ್ನು ಬಿತ್ತು. ಅಂದಿನಿಂದ ಅವರು ಬಾಡಿಗೆ ಕೋಣೆಯಿಂದ ಬಾಡಿಗೆ ಕೋಣೆಗೆ ಬೆಕ್ಕು ಮರಿ ಹೊತ್ತು ತಿರುಗಿದ ಹಾಗೆ ತಿರುಗುತ್ತಿದ್ದರು. ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಸೇರಿ, ಹಾಸಿಗೆ ಬಟ್ಟೆಗಳ ಕುದಿನೀರಿನಲ್ಲಿ ಕೈ ಬೇಯಿಸಿಕೊಂಡು ಸಂಸಾರ ನಡೆಸುತ್ತಿದ್ದಳು. ಮನೆಯಿಲ್ಲದವರ ಪಟ್ಟಿಯಲ್ಲಿ ಅವಳ ಹೆಸರು ಸೇರಿ ಒಂಬತ್ತು ವರ್ಷವಾಗಿತ್ತು.

ಇದನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ. ಊರಿಗೆಲ್ಲ ಮನೆ ಕಟ್ಟುವವನ ಒಡಹುಟ್ಟಿದವಳಿಗೆ ಮನೆಯಿಲ್ಲ ಎಂದರೆ ಜನ ನಗದೆ ಬಿಡುತ್ತಾರೆಯೇ? ಡಿಪೋದಲ್ಲಿ ಯಾರಾದರೂ ಕೇಳಿದರೆ, "ಅಕ್ಕ ಇದಾಳೆ, ಚೆನ್ನಾಗಿದಾಳೆ," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಮುಂದೆ ಹೋಗುತ್ತಿದ್ದೆ. ಈ ಸಣ್ಣ ನಾಚಿಕೆಯೇ ಆಮೇಲೆ ದೊಡ್ಡದಕ್ಕೆ ದಾರಿ ಮಾಡಿಕೊಟ್ಟಿತು.

ಒಂಬತ್ತನೆಯ ಮನೆಯ ಗಾರೆ ಮುಗಿದ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ, ಅಕ್ಕ ಬಾಗಿಲಲ್ಲೇ ಕೂತಿದ್ದಳು. ಕೆಲಸದ ಬಟ್ಟೆಯಲ್ಲೇ ಓಡಿ ಬಂದಿದ್ದಳು, ಮೈಯಿಂದ ಬ್ಲೀಚಿಂಗ್ ಪುಡಿಯ ವಾಸನೆ ಬರುತ್ತಿತ್ತು.

"ಬಂತು ಕಣೋ!" ಎಂದಳು. "ನಂಬರು ಬಂತು. ನಲವತ್ತೊಂದು. ಈ ಸಲ ಅರವತ್ತು ಸೈಟು ಅಂತೆ. ನಂದು ಗ್ಯಾರಂಟಿ!"

"ಎಲ್ಲಿ?" ಎಂದೆ. ಕೇಳುವ ಮೊದಲೇ ಉತ್ತರ ಹೊಳೆದಿತ್ತು.

"ಮರದ ಡಿಪೋ ಹಿಂದೆ ಬಯಲಿದ್ಯಂತಲ್ಲ, ಅಲ್ಲಿ. ಇಷ್ಟು ವರ್ಷ ಆ ರಸ್ತೇಲೇ ಕೆಲಸಕ್ಕೆ ಹೋಗಿದೀನಿ, ನನಗೆ ಒಂದಿನಾನೂ ಕಂಡಿಲ್ಲ ನೋಡು. ಆಸ್ಪತ್ರೆಗೆ ನಡ್ಕೊಂಡು ಹೋಗೋಷ್ಟು ಹತ್ರ."

ಅವಳು ಮಡಿಸಿದ ಕಾಗದವೊಂದನ್ನು ಬಿಚ್ಚಿದಳು. ಆಸ್ಪತ್ರೆಯ ಬಟ್ಟೆ ಲೆಕ್ಕದ ಚೀಟಿಯ ಹಿಂಬದಿಯಲ್ಲಿ ಮನೆಯ ನಕ್ಷೆ ಬರೆದಿದ್ದಳು. ಬಾಗಿಲುಗಳು ಗೋಡೆಗಿಂತ ದೊಡ್ಡದಾಗಿದ್ದವು. ಭಾವನ ಮಂಚ ಕಿಟಕಿಯ ಪಕ್ಕ, ಮಗಳಿಗೆ ಓದಲು ಮೂಲೆ, ಬಟ್ಟೆ ಒಗೆಯುವ ಕಲ್ಲು ಹೊರಗೆ.

"ಮನೇಲೂ ಒಗೆಯೋ ಕಲ್ಲು ಬೇಕಾ ನಿಂಗೆ? ಸಾಕಾಗಿಲ್ವಾ?" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ನಮ್ ಬಟ್ಟೆ ನಮ್ ಕಲ್ಲಲ್ಲಿ ಒಗೆಯೋ ಸುಖ ನಿನಗೇನೋ ಗೊತ್ತು, ಹೋಗೋ! ನೀನೇ ಕಟ್ಬೇಕು. ಬೇರೆಯವರ ಕೈಲಿ ಕಟ್ಸಲ್ಲ ನಾನು. ಕೂಲಿಗೆ ಬದಲು ಜೀವಮಾನ ಪೂರ್ತಿ ಕಾಫಿ ಕೊಡ್ತೀನಿ."

ನಾನು ನಕ್ಕೆ. ಹೇಳಬಹುದಿತ್ತು. ಆ ಬಯಲಿನಲ್ಲೇ ನಾನು ಕೆಲಸ ಮಾಡುತ್ತಿದ್ದೇನೆ ಅಕ್ಕಾ, ಎಂದು ಶುರುಮಾಡಿದ್ದರೆ ಉಳಿದದ್ದು ತಾನಾಗಿ ಬರುತ್ತಿತ್ತು. ಆದರೆ ಅವಳು ಆ ಚೀಟಿಯನ್ನು ಮತ್ತೆ ಅದೇ ಮಡಿಕೆಗಳ ಮೇಲೆ ಮಡಿಸುತ್ತಿದ್ದ ರೀತಿ ನೋಡಿ ನಾಲಿಗೆ ಹೊರಳಲಿಲ್ಲ.

ಊಟ ಸೇರಲಿಲ್ಲ. ಸೀದಾ ಡಿಪೋಗೆ ಹೋಗಿ ಗುಮಾಸ್ತನನ್ನು ಹಿಡಿದೆ. ದುಂಡು ಕನ್ನಡಕದ ಅವನನ್ನು ಎಲ್ಲರೂ ಗೂಬೆ ಎನ್ನುತ್ತಿದ್ದರು. ಅವನಿಗೂ ಅದು ಗೊತ್ತಿತ್ತು, ಬೇಸರವಿರಲಿಲ್ಲ.

"ಒಂದೊಂದು ಮನೆಗೂ ಅಂಗಳ ಸೇರಿ ಎರಡೆರಡು ಸೈಟಿನ ಜಾಗ ಉಳಿಯುತ್ತೆ ನಮಗೆ," ಎಂದು ಗೂಬೆ ಲೆಕ್ಕ ಹೇಳಿದ. "ಒಂಬತ್ತು ಮನೆಗೆ ಹದಿನೆಂಟು. ಅರವತ್ತರಲ್ಲಿ ಹದಿನೆಂಟು ಹೋದ್ರೆ ನಲವತ್ತೆರಡು. ಹನ್ನೆರಡೂ ಆದ್ರೆ ಅವರ ಕೈಗೆ ಮೂವತ್ತಾರೇ. ಯಾಕೆ ಮೇಸ್ತ್ರಿ?"

ನಲವತ್ತೆರಡು. ಇಲ್ಲಿಗೆ ನಿಲ್ಲಿಸಿದರೆ ಅಕ್ಕನ ಸೈಟು ಅಕ್ಕನಿಗೆ. ಇನ್ನೊಂದು ಮನೆ ಎದ್ದರೆ ನಲವತ್ತು, ಅವಳು ಹೊರಗೆ. ಒಂದೇ ಒಂದು ಮನೆ! ಇಷ್ಟು ಚೊಕ್ಕವಾಗಿ ದೇವರೂ ಯಾರನ್ನೂ ಪರೀಕ್ಷೆ ಮಾಡುವುದಿಲ್ಲ.

ಯಜಮಾನರ ಕೋಣೆಗೆ ಹೋದೆ. "ಒಂಬತ್ತು ಸಾಕಾಗಲ್ವಾ ಸ್ವಾಮಿ?" ಎಂದೆ.

"ಯಾಕೆ? ಸುಸ್ತಾಯ್ತಾ?"

"ನನ್ನ ಅಕ್ಕ" ಎಂಬ ಎರಡು ಮಾತು ಹಲ್ಲಿನ ಹಿಂದೆ ಬಂದು ನಿಂತಿತ್ತು. ಯಜಮಾನರು ಒಳ್ಳೆಯವರು. ಹೇಳಿದ್ದರೆ ಏನಾದರೂ ದಾರಿ ಮಾಡುತ್ತಿದ್ದರೋ ಏನೋ. ಆದರೆ ಪಕ್ಕದಲ್ಲಿ ಗೂಬೆ ನಿಂತಿದ್ದ, ಬಾಗಿಲಲ್ಲಿ ಗರಗಸದವರು ಇಬ್ಬರಿದ್ದರು. ಮೇಸ್ತ್ರಿಯ ಅಕ್ಕ ಸರ್ಕಾರದ ಸೈಟಿಗೆ ಕಾಯುತ್ತಿದ್ದಾಳಂತೆ ಎಂಬ ಮಾತು ಸಂಜೆಯೊಳಗೆ ಬೀದಿಗೆ ಬೀಳುತ್ತಿತ್ತು.

"ಇಟ್ಟಿಗೆ ಕಮ್ಮಿ ಇದೆ," ಎಂದೆ.

"ಅಷ್ಟೇನಾ!" ಎಂದರು ಅವರು. ಮರುದಿನ ಬೆಳಿಗ್ಗೆ ಎರಡು ಲಾರಿ ಇಟ್ಟಿಗೆ ಬಂತು.

ಹತ್ತನೆಯ ಮನೆಯ ಪಾಯ ಗುರುತಿಸಲು ದಾರ ಹಿಡಿದೆ. ಕೈಗೆ ಅಭ್ಯಾಸ, ಅದು ತನ್ನ ಪಾಡಿಗೆ ತಾನು ನಡೆಯಿತು. ಪಟ್ಟಿಯಿಂದ ಹೆಸರೇನೂ ಹೋಗುವುದಿಲ್ಲವಲ್ಲ, ಮುಂದಿನ ಬಯಲಿನಲ್ಲಿ ಅವಳಿಗೇ ಮೊದಲ ಸರದಿ, ಒಂಬತ್ತು ವರ್ಷ ಕಾದವಳಿಗೆ ಇನ್ನೊಂದು ವರ್ಷ ಏನು ಮಹಾ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅನ್ನುತ್ತಾರಲ್ಲ, ನನ್ನಂಥವನನ್ನು ನೋಡಿಯೇ ಅಂದಿರಬೇಕು.

ಹನ್ನೆರಡೂ ಮುಗಿದ ಒಂದು ವಾರಕ್ಕೆ ಅಳತೆಯ ಅಧಿಕಾರಿ ಬಂದರು. ಸಣಕಲು ಮೈಯ ಮನುಷ್ಯ, ಟೇಪನ್ನು ಯಾರ ಕೈಗೂ ಕೊಡದೆ ತಾವೇ ಹಿಡಿಯುತ್ತಿದ್ದರು. ಪಟ್ಟಿಯವರೂ ಬಂದು ನೋಡಬಹುದು ಎಂದು ನಿಯಮವಿತ್ತಂತೆ. ಮೂವತ್ತು ನಲವತ್ತು ಜನ ಹಿಂದೆ ಹಿಂದೆ ನಡೆದರು. ಅವರ ನಡುವೆ ಅಕ್ಕ. ಅವಳ ಪಕ್ಕದಲ್ಲಿ ಆಸ್ಪತ್ರೆಯಲ್ಲಿ ಇಸ್ತ್ರಿ ಮಾಡುವ ಗೆಳತಿ. ಅವಳದು ಮೂವತ್ತೊಂಬತ್ತನೆಯ ನಂಬರು. ಒಂಬತ್ತು ವರ್ಷ ಇಬ್ಬರೂ ಒಟ್ಟಿಗೆ ಸಾಲಿನಲ್ಲಿ ನಿಂತವರು.

ಬಯಲಿರಬೇಕಾದ ಕಡೆ ಮನೆಗಳನ್ನು ಕಂಡು ಜನ ಗುಜುಗುಜು ಶುರುಮಾಡಿದರು. ಅಕ್ಕ ಮಾತ್ರ ನನ್ನನ್ನು ನೋಡಿದಳು. ಅವಳ ಮುಖ ಮೊದಲು ಅರಳಿತು. ತಮ್ಮ ಇಲ್ಲೇ ಇದ್ದಾನೆ, ಇನ್ನೇನು ಹೆದರಿಕೆ ಎಂಬ ಹಾಗೆ. ಆ ಅರಳಿದ ಮುಖವನ್ನು ನೋಡಲಾರದೆ ನಾನು ನೆಲ ನೋಡಿದೆ.

"ಕಟ್ಟಿದವರು ಯಾರು?" ಎಂದರು ಅಧಿಕಾರಿ.

"ಇವರೇ," ಎಂದು ಗೂಬೆ ನನ್ನನ್ನು ಮುಂದೆ ದೂಡಿದ.

"ಎಷ್ಟು ವರ್ಷ ಆಯ್ತು ಮೇಸ್ತ್ರಿ? ನೋಡಿ, ಬರೆದುಕೊಳ್ಳೋದು ನಾನು, ಆದ್ರೆ ಸೈನ್ ನಿಮ್ಮದು. ಸುಳ್ಳು ಅಂತ ಗೊತ್ತಾದ್ರೆ ಒಳಗೆ ಹೋಗೋದೂ ನೀವೇ. ಜಾಗದವರಲ್ಲ."

"ಆರು ವರ್ಷ ಆಯ್ತು ಸಾರ್," ಎಂದೆ. ಹೇಗೆ ಬಂತು ಎಂದರೆ, ನಿಜಕ್ಕೂ ಆರು ವರ್ಷವಾಗಿದ್ದರೂ ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ. ಅವರು ಬರೆದುಕೊಂಡದ್ದರ ಕೆಳಗೆ ಸೈನೂ ಹಾಕಿದೆ.

ಅಧಿಕಾರಿ ಮನೆಯೊಂದರ ಒಳಗೆ ಹೋದರು. ಚೌಕಟ್ಟಿನ ಪೆನ್ಸಿಲ್ ಗೆರೆಗಳ ಮುಂದೆ ನಿಂತು, ಕೆಳಗಿನಿಂದ ಮೇಲಕ್ಕೆ ತಾರೀಕುಗಳನ್ನು ಓದಿ, "ನಮ್ಮನೇಲೂ ಹೀಗೇ ಬರ್ದಿದೀವಿ," ಎಂದರು. ದನಿ ಮೆತ್ತಗಾಗಿತ್ತು. ಹಿಂದೆಯೇ ಒಳಗೆ ಬಂದ ಅಕ್ಕ ಅಡುಗೆ ಕೋಣೆಯಲ್ಲಿ ನಿಂತುಬಿಟ್ಟಳು. ಒಲೆಯ ಹಿಂದಿನ ಗೋಡೆ ಕರ್ರಗಿತ್ತು. ಕಿಟಕಿ ಮಾತ್ರ ಎಡಗಡೆಗಿತ್ತು. ಅವಳು ಕಿಟಕಿಯ ಮೇಲಿನ ಗೋಡೆಯನ್ನು ನೋಡಿದಳು. ಅಲ್ಲಿ ಚಿಟಿಕೆ ಮಸಿ ಇರಲಿಲ್ಲ. ಹೊಗೆ ಕಿಟಕಿ ಹುಡುಕಿಕೊಂಡು ಹೋಗುತ್ತದೆ, ಆರು ವರ್ಷ ಒಲೆ ಉರಿದಿದ್ದರೆ ಮೊದಲು ಕಪ್ಪಾಗುವುದು ಅದೇ ಜಾಗ ಎಂದು ಜನ್ಮದಲ್ಲಿ ಒಲೆ ಹಚ್ಚದ ನನಗೆ ಹೊಳೆದಿರಲಿಲ್ಲ. ಅಧಿಕಾರಿಗೂ ಹೊಳೆಯಲಿಲ್ಲ. ಅವರೂ ಒಲೆ ಹಚ್ಚಿದವರಲ್ಲ.

ಅಕ್ಕ ಬೆರಳಿನಿಂದ ಆ ಬಿಳಿ ಗೋಡೆ ಸವರಿ, ಬೆರಳನ್ನು ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು. ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ನನಗೇ ತಿಳಿಯದೆ ಹೆಗಲ ಮೇಲಿನ ಟವೆಲಿಗೆ ಹೋಯಿತು.

"ಏನಮ್ಮಾ, ಏನಾದ್ರೂ ಹೇಳೋದಿದ್ಯಾ?" ಎಂದರು ಅಧಿಕಾರಿ.

ಒಂದು ವಾಕ್ಯ ಸಾಕಿತ್ತು. ಅವಳ ಸೈಟು, ಗೆಳತಿಯ ಸೈಟು, ಇನ್ನೂ ಇಪ್ಪತ್ತೆರಡು ಜನರ ಸೈಟು ಆ ಒಂದು ವಾಕ್ಯದಲ್ಲಿತ್ತು.

"ಏನಿಲ್ಲ ಸಾರ್," ಎಂದಳು ಅಕ್ಕ. "ಕೋಣೆ ಚೆನ್ನಾಗಿದೆ ಅಂತ ನೋಡ್ತಿದ್ದೆ."

ನಾಚಿಕೆ ಎಂದರೆ ಮುಖ ಕೆಂಪಾಗುವುದು ಎಂದು ತಿಳಿದಿದ್ದೆ. ಹಾಗಲ್ಲ. ಮೈಯ ಮೇಲಿನ ಬಟ್ಟೆ ಬೇರೆ ಯಾರದೋ ಅನ್ನಿಸಿತು. ಅಲ್ಲಿಂದ ಓಡಿಹೋಗಬೇಕು ಅನ್ನಿಸಿದರೂ ಕಾಲುಗಳಿಗೆ ಅಷ್ಟು ಮರ್ಯಾದೆಯೂ ಇರಲಿಲ್ಲ, ನಿಂತಲ್ಲೇ ನಿಂತವು.

ಅಧಿಕಾರಿ ಪೂರ್ತಿ ಒಪ್ಪಲಿಲ್ಲ. "ಮನೆ ಇದೆ, ಸರಿ. ಜನ ಎಲ್ಲಿ?" ಎಂದರು. ಎಲ್ಲ ಕೆಲಸಕ್ಕೆ ಹೋಗಿದ್ದಾರೆ, ಇಬ್ಬರು ಊರಿಗೆ ಹೋಗಿದ್ದಾರೆ ಎಂದು ಗೂಬೆ ಏನೇನೋ ಹೇಳಿದ. ಹದಿನೈದು ದಿನ ಬಿಟ್ಟು ಬರುತ್ತೇನೆ, ಹನ್ನೆರಡು ಮನೆಯವರೂ ಬಾಗಿಲಲ್ಲಿರಬೇಕು ಎಂದು ಹೇಳಿ ಹೋದರು.

ಡಿಪೋದ ಆಳುಗಳು, ಯಜಮಾನರ ದೂರದ ನೆಂಟರು ಎಂದು ಹನ್ನೊಂದು ಮನೆಗೆ ಸಂಸಾರಗಳು ಸಿಕ್ಕವು. ಎಲ್ಲರಿಗೂ ಆರು ವರ್ಷದ ಮಾತು ಕಲಿಸಿದ್ದಾಯಿತು. ಒಂದು ಮನೆ ಉಳಿಯಿತು.

"ನಿಮ್ಮ ಅಕ್ಕ ಇದಾಳೆ ಅಂದಿದ್ರಲ್ಲ?" ಎಂದ ಗೂಬೆ. "ಆರು ತಿಂಗಳು ಇರ್ಲಿ. ಬಾಡಿಗೆ ಬೇಡ. ಆರ್ಡರ್ ಆದ್ಮೇಲೆ ಬಿಟ್ಟು ಹೋದ್ರಾಯ್ತು."

"ಅವಳು ಬರಲ್ಲ," ಎಂದೆ.

ಯಜಮಾನರು ಸಿಟ್ಟಾಗಲಿಲ್ಲ. ಚಹಾ ಲೋಟ ನನ್ನ ಕಡೆ ಸರಿಸಿ, "ಒಂದು ಮನೆ ಸುಳ್ಳು ಅಂತಾದ್ರೆ ಹನ್ನೆರಡೂ ಸುಳ್ಳು ಆಗುತ್ತೆ ಮೇಸ್ತ್ರಿ. ನನಗೆ ಜಾಗ ಹೋಗುತ್ತೆ, ಅಷ್ಟೇ. ಸೈನ್ ಹಾಕಿರೋದು ನೀವು. ನಿಮ್ಮ ಯೋಚನೆಯೇ ನನಗೆ," ಎಂದರು. ಆ ಮಾತಿನಲ್ಲಿ ನಿಜವಾದ ಕಾಳಜಿಯೂ ಇತ್ತು ಎಂಬುದೇ ವಿಚಿತ್ರ.

ಅವಳು ಪಟ್ಟಿಯಲ್ಲಿದ್ದಾಳೆ, ಅಂದು ಅಧಿಕಾರಿ ಅವಳೊಡನೆ ಮಾತಾಡಿದ್ದಾರೆ ಎಂದು ಆಗಲಾದರೂ ಹೇಳಿದ್ದರೆ ಗೂಬೆಯೇ ಬೇಡವೆನ್ನುತ್ತಿದ್ದ. ನಾನು ಹೇಳಲಿಲ್ಲ. ಅಂದು ನಲವತ್ತು ಮುಖಗಳಿದ್ದವು, ಅಧಿಕಾರಿಗೆ ಯಾರ ನೆನಪಿರುತ್ತದೆ ಎಂದುಕೊಂಡೆ. ಅಷ್ಟು ದಿನ ಮುಚ್ಚಿಟ್ಟ ಮಾತು ಆಮೇಲೆ ಬಾಯಿಗೆ ಬರುವುದೇ ಇಲ್ಲ.

ಅಕ್ಕನ ಕೋಣೆ ಟೈರು ಅಂಗಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗ ಹೇಳಬೇಕಾದದ್ದನ್ನು ನಾಲ್ಕು ರೀತಿ ಜೋಡಿಸಿಕೊಂಡಿದ್ದೆ. ಭಾವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅಂದು ಏನು ನಡೆಯಿತೆಂದು ಅಕ್ಕ ಅವನಿಗೆ ಹೇಳಿರಲಿಲ್ಲ. ಸೈಟು ಸಾಕಾಗಲಿಲ್ಲವಂತೆ ಎಂದಷ್ಟೇ ಹೇಳಿದ್ದಳು.

ಮಗಳ ಅಂಗಿಗೆ ಗುಂಡಿ ಹೊಲಿಯುತ್ತ ಕೂತಿದ್ದ ಅವಳ ಮುಂದೆ ನಾನು ಪೂರ್ತಿ ಒದರಿದೆ. ಮನೆಗಳು, ಲೆಕ್ಕ, ಹತ್ತನೆಯ ಮನೆ, ಇಟ್ಟಿಗೆಯ ಸುಳ್ಳು, ಉಳಿದ ಒಂದು ಮನೆ. ಬೈಯಲಿ ಎಂದು ಕಾದೆ. ಚಿಕ್ಕಂದಿನಲ್ಲಿ ಅವಳು ಬೈದರೆ ಬೀದಿಗೆ ಕೇಳುತ್ತಿತ್ತು.

"ನಾನು ಬರ್ದೇ ಇದ್ರೆ ನಿನ್ನ ಹಿಡ್ಕೊಂಡು ಹೋಗ್ತಾರಾ?" ಎಂದಳು.

"ಹೋಗಬಹುದು."

"ಬಹುದೋ, ಹೋಗ್ತಾರೋ?"

"ಹೋಗ್ತಾರೆ."

ಅವಳು ನೂಲನ್ನು ಹಲ್ಲಿನಿಂದ ಕಡಿದಳು. "ಅವತ್ತೇ ಬಂದು ಹೇಳಿದ್ರೆ ಏನಾಗ್ತಿತ್ತೋ ನಿಂಗೆ? ನಾನು ಕಾಯ್ತಿದ್ದೆ, ಇವತ್ತು ಬರ್ತಾನೆ ನಾಳೆ ಬರ್ತಾನೆ ಅಂತ. ಈಗ ಬಂದಿದೀಯ, ಮನೆ ತುಂಬ್ಸೋಕೆ ಜನ ಬೇಕು ಅಂತ."

ತಲೆ ತಗ್ಗಿಸಿ ಕೂತೆ. ಕೆಳಗೆ ಯಾರೋ ಟೈರಿಗೆ ಗಾಳಿ ಹಾಕುತ್ತಿದ್ದರು.

"ಸರಿ, ಯಾವತ್ತು ಬರ್ಬೇಕು ಹೇಳು," ಎಂದಳು. "ನಿಮ್ ಭಾವನ್ನ ನಿಧಾನಕ್ಕೆ ಇಳಿಸ್ಬೇಕು ಮೆಟ್ಟಿಲು. ನೀನು ಬಾ."

ಬಂದಳು. ಎರಡು ಟ್ರಂಕು, ಒಂದು ಮಂಚ, ಪಾತ್ರೆಯ ಚೀಲ. ಮಗಳು ಖುಷಿಯಿಂದ ಎರಡು ಕೋಣೆಗೂ ಓಡಾಡಿ, "ಮಾಮಾ, ಇದು ನಮ್ದೇನಾ?" ಎಂದು ಕೇಳಿದಳು. ನಾನು ಮಂಚದ ಕಾಲಿಗೆ ಕಲ್ಲು ಕೊಡುವ ನೆಪದಲ್ಲಿ ಬಗ್ಗಿದೆ.

ಹದಿನೈದನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅಧಿಕಾರಿ ಎರಡು ದಪ್ಪ ಪುಸ್ತಕ ಹಿಡಿದು ಬಂದರು. ಪಟ್ಟಿಯವರು ಈ ಸಲ ಇನ್ನೂ ಹೆಚ್ಚಿದ್ದರು, ಬೇಲಿಯ ಆಚೆ ನಿಂತಿದ್ದರು. ಹನ್ನೊಂದು ಮನೆಯಲ್ಲಿ ಆರು ವರ್ಷ, ಆರು ವರ್ಷ ಎಂಬ ಮಾತು ಮಗ್ಗಿಯ ಹಾಗೆ ಕೇಳಿಬಂತು. ಕೊನೆಗೆ ಅಕ್ಕನ ಬಾಗಿಲು. ಗೂಬೆ, ನಾನು, ಅಧಿಕಾರಿ.

ಅಧಿಕಾರಿ ಹೆಸರು ಕೇಳಿದರು. ಬರೆಯಹೋದ ಪೆನ್ನು ನಿಂತಿತು. ತಲೆ ಎತ್ತಿ ಅವಳನ್ನು ನೋಡಿ, ಇನ್ನೊಂದು ಪುಸ್ತಕ ತೆಗೆದು ಬೆರಳಿಟ್ಟು ಹುಡುಕಿದರು.

"ನಲವತ್ತೊಂದನೇ ನಂಬರು. ಅವತ್ತು ಅಡುಗೆ ಕೋಣೆ ಚೆನ್ನಾಗಿದೆ ಅಂದವರು ನೀವೇ ಅಲ್ವಾ?"

ಗೂಬೆ ನನ್ನತ್ತ ತಿರುಗಿದ. ಅವನ ದುಂಡು ಕನ್ನಡಕದ ಹಿಂದೆ ಕಣ್ಣುಗಳು ಇನ್ನೂ ದುಂಡಗಾದವು.

"ಹೌದು ಸಾರ್," ಎಂದಳು ಅಕ್ಕ.

"ಮನೆಯಿಲ್ಲದವರ ಪಟ್ಟೀಲೂ ಇದೀರಿ, ಇಲ್ಲೂ ಇದೀರಿ. ಎರಡೂ ನಿಜ ಆಗೋಕೆ ಸಾಧ್ಯ ಇಲ್ಲಮ್ಮ." ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ದಣಿವಿತ್ತು. ಅವರಿಗೆ ಗೊತ್ತಾಗಿತ್ತು ಎಂದೇ ಈಗಲೂ ನನ್ನ ಅನುಮಾನ. "ಯೋಚನೆ ಮಾಡಿ ಹೇಳಿ. ಈ ಮನೇಲಿ ಎಷ್ಟು ದಿನದಿಂದ ಇದೀರಿ? ನಿಜ ಹೇಳಿದ್ರೆ ನಿಮಗೇನೂ ಆಗದ ಹಾಗೆ ನೋಡ್ಕೋತೀನಿ."

ಅವಳಿಗೇನೂ ಆಗುವುದಿಲ್ಲ ಎಂದರು. ನನಗೆ ಆಗುವುದಿಲ್ಲ ಎಂದು ಹೇಳಲಿಲ್ಲ. ಅಕ್ಕನಿಗೂ ಆ ವ್ಯತ್ಯಾಸ ತಿಳಿಯಿತು.

"ಆರು ವರ್ಷ ಆಯ್ತು ಸಾರ್," ಎಂದಳು.

"ಮತ್ತೆ ಪಟ್ಟೀಲಿ ಹೆಸರು?"

"ಆಸೆ ಸಾರ್. ಮನೆ ಇದ್ದೂ ಇನ್ನೊಂದು ಸಿಗ್ಲಿ ಅಂತ ಹಾಗೇ ಬಿಟ್ಟಿದ್ದೆ. ತಪ್ಪಾಯ್ತು."

ಬೇಲಿಯಾಚೆಯಿಂದ ಇಸ್ತ್ರಿಯ ಗೆಳತಿಯ ದನಿ ಎದ್ದಿತು. "ಇಲ್ಲೇ ಮನೆ ಇತ್ತೇನೇ ನಿಂಗೆ? ನಮ್ ಜೊತೆ ಸಾಲಲ್ಲಿ ನಿಂತು ಅಳ್ತಿದ್ಯಲ್ಲೇ! ನನ್ ಡಬ್ಬೀಲಿ ಊಟ ಮಾಡ್ತಿದ್ಯಲ್ಲೇ! ಥೂ, ನಿನ್ನ ಜನ್ಮಕ್ಕಿಷ್ಟು!"

ಅಕ್ಕ ಆ ಕಡೆ ತಿರುಗಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದಿದ್ದ ಅವಳ ಕೈಯ ಬೆರಳುಗಳು ಬಿಳಿಚಿದವು. ಸುಳ್ಳು ಹೇಳಿದರೆ ಬಾಯಿಗೆ ಮೆಣಸಿನಕಾಯಿ ಹಾಕುತ್ತೇನೆ ಎಂದು ನನ್ನನ್ನು ಬೆಳೆಸಿದವಳು. ಅರ್ಜಿಯಲ್ಲಿ ಸಂಬಳವನ್ನು ಒಂದು ರೂಪಾಯಿ ಕೂಡ ಕಡಿಮೆ ಬರೆಸದೆ, ಅದಕ್ಕಾಗಿಯೇ ಎರಡು ಸಲ ಪಟ್ಟಿಯಲ್ಲಿ ಹಿಂದೆ ಬಿದ್ದವಳು. ಅವಳು ಕಳ್ಳಿಯಾಗಿ ನಿಂತಿದ್ದಳು, ನಾನು ಪಕ್ಕದಲ್ಲಿ ಮರ್ಯಾದಸ್ಥ ಮೇಸ್ತ್ರಿಯಾಗಿ ನಿಂತಿದ್ದೆ.

ಅಧಿಕಾರಿ ಪಟ್ಟಿಯ ಪುಸ್ತಕದಲ್ಲಿ ಸ್ಕೇಲು ಇಟ್ಟು ಗೆರೆ ಎಳೆದರು. "ಮನೆ ಇರುವವರ ಹೆಸರು ಮತ್ತೆ ಸೇರಿಸೋಕೆ ಬರಲ್ಲಮ್ಮ. ಯಾವತ್ತಿಗೂ. ಇಲ್ಲಿ ಸೈನ್ ಮಾಡಿ."

ಅವಳು ಮಾಡಿದಳು.

"ಸಾಕ್ಷಿಗೆ ಒಬ್ಬರು ಬೇಕು. ಸಂಬಂಧಿಕರು ಹಾಕೋ ಹಾಗಿಲ್ಲ." ಅವರು ನನ್ನ ಕಡೆ ನೋಡಿದರು. ಬಹಳ ಹೊತ್ತು ನೋಡಿದರು. "ಮೇಸ್ತ್ರಿ, ನಿಮಗೂ ಇವರಿಗೂ ಏನಾದ್ರೂ ಸಂಬಂಧ ಇದ್ಯಾ?"

ಕೊನೆಯ ಬಾಗಿಲೊಂದನ್ನು ಆ ಮನುಷ್ಯ ನನಗಾಗಿ ತೆರೆದು ಹಿಡಿದಿದ್ದರು. ನನ್ನ ಅಕ್ಕ ಸಾರ್, ಎಂದರೆ ಸಾಕಿತ್ತು. ಒಳಗೆ ಭಾವ ಕೆಮ್ಮಿದ ಸದ್ದು ಕೇಳಿಸಿತು.

"ಇಲ್ಲ ಸಾರ್," ಎಂದೆ.

ಅಕ್ಕ ಪೆನ್ನನ್ನು ನನ್ನ ಕಡೆ ಚಾಚಿ, ಪುಸ್ತಕದಲ್ಲಿ ತನ್ನ ಹೆಸರಿನ ಕೆಳಗಿದ್ದ ಖಾಲಿ ಜಾಗವನ್ನು ಬೆರಳಿನಿಂದ ತೋರಿಸಿದಳು.

"ಇಲ್ಲಿ ಹಾಕಿ ಮೇಸ್ತ್ರಿ," ಎಂದಳು.